ದೂರದ ಬೋರ್‌ವೆಲ್‌ಗೆ ಉದ್ದ ಕೇಬಲ್ ಎಳೆಯೋದಾ, ಟಿಸಿ (ಟ್ರಾನ್ಸ್‌ಫಾರ್ಮರ್) ಹಾಕಿಸೋದಾ?

ಶಿರಾ ಹತ್ತಿರದ ರೈತರೊಬ್ಬರು ಹೀಗೆ ಕೇಳಿದ್ದಾರೆ; ಅವರ ತೋಟದಲ್ಲಿ ಟಿಸಿಯಿಂದ ಬೋರ್‌ವೆಲ್ ಒಂದು ಕಿಲೋಮೀಟರ್ ದೂರವಂತೆ. ಅಷ್ಟು ದೂರ ಅಂದ್ರೆ 11 ಕೆವಿ (11,000 ವೋಲ್ಟ್) ಲೈನನ್ನೇ ಬೋರ್‌ವೆಲ್ ತನಕ ತಂದು, ಅಲ್ಲೇ ಅದನ್ನು 415 ವೋಲ್ಟಿಗೆ ಇಳಿಸುವ ಸಣ್ಣ ಟಿಸಿ ಕೂರಿಸುವುದು ಒಳ್ಳೆಯದು.

ತಂತಿಯಲ್ಲಿ ಬಿಸಿಯಾಗಿ ಸುಮ್ನೆ ಹೋಗುವ ವಿದ್ಯುತ್ತು ಆಂಪ್ ಮೇಲೆ ನಿಂತಿದೆ. ಆಂಪ್ ಎರಡು ಪಟ್ಟಾದರೆ ನಷ್ಟ ನಾಲ್ಕು ಪಟ್ಟು. 10 ಎಚ್‌ಪಿ ಮೋಟಾರ್ 415 ವೋಲ್ಟಿನಲ್ಲಿ ಸುಮಾರು 15 ಆಂಪ್ ಎಳೆಯುತ್ತದೆ. ಅದೇ ಶಕ್ತಿ 11,000 ವೋಲ್ಟಿನಲ್ಲಿ ಬಂದರೆ ಅರ್ಧ ಆಂಪ್ ಚಿಲ್ಲರೆ ಸಾಕು. ಅಷ್ಟೇ ದಪ್ಪದ ತಂತಿಯಲ್ಲಿ ನಷ್ಟ ಸುಮಾರು 700ರಲ್ಲಿ ಒಂದು ಪಾಲು!

ಉದ್ದ ಕೇಬಲಿನಲ್ಲಿ ವೋಲ್ಟೇಜೂ ಬೀಳುತ್ತದೆ. ಮೋಟಾರ್ ಆನ್ ಮಾಡಿದಾಗ ಸ್ಟಾರ್ಟರ್ ಬೋರ್ಡಿನ ವೋಲ್ಟ್ ಮೀಟರ್ ಮುಳ್ಳು 340ಕ್ಕೆ ಬಿದ್ದು ಅಲ್ಲೇ ನಿಂತರೆ ಓಡಿಸಬೇಡಿ. ವೋಲ್ಟೇಜ್ ಕಮ್ಮಿಯಾದರೆ ಮೋಟಾರ್ ಆಂಪ್ ಜಾಸ್ತಿ ಎಳೆದು ವೈಂಡಿಂಗ್ ಸುಟ್ಟುಕೊಳ್ಳುತ್ತದೆ.

11 ಕೆವಿ ಕೆಲಸಕ್ಕೆ ಬೆಸ್ಕಾಂ ಅನುಮತಿ, ಲೈಸೆನ್ಸ್ ಇರುವ ಗುತ್ತಿಗೆದಾರರು ಬೇಕೇ ಬೇಕು.