ಯಂತ್ರಗಳ ಚದುರಂಗಕ್ಕೆ ಯಾವ ಜಾಗ, ಯಾವ ದಿನ?

ಪ್ರಶ್ನೆ: ನಾನು ಚಿಕ್ಕಬಳ್ಳಾಪುರದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಅಧ್ಯಾಪಕ. ಚೆಸ್ ಆಡುವ ಕಂಪ್ಯೂಟರ್ ಪ್ರೋಗ್ರಾಂಗಳಿಗಾಗಿ ಒಂದು ಅಂತರರಾಷ್ಟ್ರೀಯ ಟೂರ್ನಿಯನ್ನು ನಮ್ಮ ಜಿಲ್ಲೆಯಲ್ಲೇ ನಡೆಸಬೇಕೆಂಬ ಆಸೆ ನನಗೂ ಕೆಲವು ಗೆಳೆಯರಿಗೂ ಇದೆ. ಹತ್ತು ತಂಡಗಳು, ಅವುಗಳಲ್ಲಿ ಐದಾರು ಹೊರದೇಶದವು. ಬೇಸಿಗೆ ರಜೆ ಇರುವ ಮೇ ತಿಂಗಳಲ್ಲಿ ನಂದಿಬೆಟ್ಟದ ಮೇಲೆ ಐದು ದಿನಗಳಲ್ಲಿ ಮುಗಿಸಬಹುದೆಂದು ಯೋಚಿಸಿದ್ದೇವೆ. ತಮ್ಮ ಸಲಹೆ ಬೇಕು.
– ಓದುಗರೊಬ್ಬರು, ಚಿಕ್ಕಬಳ್ಳಾಪುರ

ಉತ್ತರ: ನಿಮ್ಮ ಆಸೆ ಒಳ್ಳೆಯದು, ಜಿಲ್ಲೆಯ ಆಯ್ಕೆಯೂ ಸರಿಯಾಗಿದೆ. ಆದರೆ ಬೆಟ್ಟವನ್ನೂ ಮೇ ತಿಂಗಳನ್ನೂ ಐದು ದಿನಗಳ ಲೆಕ್ಕವನ್ನೂ ಕೈಬಿಡಬೇಕೆಂದು ನಾನು ಒತ್ತಾಯಪೂರ್ವಕವಾಗಿಯೇ ಹೇಳುತ್ತೇನೆ.

ಮೊದಲು ಬೆಟ್ಟದ ವಿಷಯ. 1986ರಲ್ಲಿ ಬೆಂಗಳೂರಿನಲ್ಲಿ ಸಾರ್ಕ್ ಶೃಂಗಸಭೆ ನಡೆದಾಗ ದೇಶ ದೇಶಗಳ ನಾಯಕರು ನಂದಿಬೆಟ್ಟಕ್ಕೆ ಬಂದು ಕುಳಿತು ಮಾತನಾಡಿದ್ದರು. ಆ ನೆನಪು ನಿಮ್ಮ ಮನಸ್ಸಿನಲ್ಲಿರಬಹುದು. ಮಾತುಕತೆಗೆ ಆ ಜಾಗ ಚೆನ್ನ. ಯಂತ್ರಗಳ ಪಂದ್ಯಕ್ಕೆ ಬೇಕಾದದ್ದು ಬೇರೆ. 1478 ಮೀಟರ್ ಎತ್ತರದ ಆ ಬೆಟ್ಟದಲ್ಲಿ ತಂಗುವ ಕೊಠಡಿಗಳು ಕಡಿಮೆ, ವಾರಾಂತ್ಯದಲ್ಲಿ ವಾಹನಗಳ ಸಾಲು ತಿರುವುಗಳುದ್ದಕ್ಕೂ ನಿಲ್ಲುತ್ತದೆ, ಸಂಜೆಯಾದ ಮೇಲೆ ನೋಡಲು ಬಂದವರು ಇಳಿದು ಹೋಗಬೇಕು. ರಾತ್ರಿ ಎಂಟು ಗಂಟೆಗೆ ಒಂದು ಯಂತ್ರದ ಪವರ್ ಸಪ್ಲೈ ಸುಟ್ಟುಹೋದರೆ ಇನ್ನೊಂದನ್ನು ತರಲು ಯಾರು, ಎಲ್ಲಿಗೆ ಹೋಗಬೇಕು? ಪಟ್ಟಣದಲ್ಲಾದರೆ ಕಂಪ್ಯೂಟರ್ ಅಂಗಡಿಯವರನ್ನು ಮನೆಯಿಂದ ಕರೆಸಿಯಾದರೂ ಬಾಗಿಲು ತೆಗೆಸಬಹುದು.

ಆದ್ದರಿಂದ ಪಟ್ಟಣದ ಕಾಲೇಜಿನ ಸಭಾಂಗಣವನ್ನೇ ಆರಿಸಿ. ಕೆಂಪೇಗೌಡ ವಿಮಾನ ನಿಲ್ದಾಣದಿಂದ ಚಿಕ್ಕಬಳ್ಳಾಪುರಕ್ಕೆ ಹೆದ್ದಾರಿಯಲ್ಲಿ ಸುಮಾರು 30 ಕಿಲೋಮೀಟರ್. ತುಮಕೂರಿಗೂ ಕೋಲಾರಕ್ಕೂ ಅದರ ಎರಡರಷ್ಟನ್ನು ಮೀರಿದ ದೂರವಿದೆ. ಯುರೋಪಿನಿಂದ ಬರುವ ವಿಮಾನಗಳಲ್ಲಿ ಹಲವು ಮಧ್ಯರಾತ್ರಿ ದಾಟಿದ ಮೇಲೆ ಇಳಿಯುತ್ತವೆ. ಭಾರದ ಯಂತ್ರವನ್ನು ಹೊತ್ತು ಬಂದವನನ್ನು ಆ ಹೊತ್ತಿನಲ್ಲಿ ಎರಡು ತಾಸು ರಸ್ತೆಯಲ್ಲಿ ಕೂರಿಸುವುದು ಅತಿಥಿಸತ್ಕಾರವಲ್ಲ.

ಇನ್ನು ವಿದ್ಯುತ್ತಿನ ವಿಷಯ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಕೆಲವು ವರ್ಷಗಳ ಹಿಂದೆ ಈ ಭಾಗದ ಒಂದು ಕಾಲೇಜಿನಲ್ಲಿ, ವಿದ್ಯಾರ್ಥಿಗಳೇ ಬರೆದ ಚೆಸ್ ಪ್ರೋಗ್ರಾಂಗಳ ಸಣ್ಣ ಸ್ಪರ್ಧೆಗೆ ನಾನು ತೀರ್ಪುಗಾರನಾಗಿದ್ದೆ. ಇಂಥ ಪಂದ್ಯದಲ್ಲಿ ಯಂತ್ರದ ಪಕ್ಕ ಆಪರೇಟರ್ ಒಬ್ಬ ಕುಳಿತು, ಪರದೆಯ ಮೇಲೆ ಬಂದ ನಡೆಯನ್ನು ಮರದ ಹಲಗೆಯ ಮೇಲೆ ತನ್ನ ಕೈಯಿಂದ ನಡೆಸಿ, ಗಡಿಯಾರ ಒತ್ತಿ, ಎದುರಾಳಿಯ ನಡೆಯನ್ನು ಯಂತ್ರಕ್ಕೆ ಟೈಪ್ ಮಾಡಬೇಕಾಗುತ್ತದೆ. ಮಧ್ಯಾಹ್ನದ ಸುತ್ತಿನಲ್ಲಿ ಕರೆಂಟ್ ಹೋಯಿತು. ಜನರೇಟರ್ ಹತ್ತು ಸೆಕೆಂಡಿನೊಳಗೆ ಓಡಿತಾದರೂ ಅಷ್ಟರಲ್ಲಿ ಯಂತ್ರಗಳೆಲ್ಲ ಆರಿದ್ದವು. ನಡೆ ಇಡಲೆಂದು ಕುದುರೆಯನ್ನು ಆಗಷ್ಟೇ ಎತ್ತಿದ್ದ ಹುಡುಗನೊಬ್ಬ, ಅದನ್ನು ಯಾವ ಮನೆಗೆ ಇಡಬೇಕಿತ್ತೆಂಬುದು ಗೊಂದಲವಾಗಿ, ಕಪ್ಪಾದ ಪರದೆಯನ್ನು ನೋಡುತ್ತ ಕುದುರೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕುಳಿತಿದ್ದ. ಚೆಸ್ ಗಡಿಯಾರ ಬ್ಯಾಟರಿಯದ್ದಾದ್ದರಿಂದ ಅವನ ಸಮಯ ಮಾತ್ರ ಓಡುತ್ತಲೇ ಇತ್ತು. ಯಂತ್ರ ಮತ್ತೆ ಎದ್ದು, ಅಲ್ಲಿಯವರೆಗಿನ ನಡೆಗಳನ್ನೆಲ್ಲ ಉಣಿಸಿ ಮುಗಿಸುವ ಹೊತ್ತಿಗೆ ಅವನು ಏಳು ನಿಮಿಷ ಕಳೆದುಕೊಂಡಿದ್ದ. ನಿಯಮಪತ್ರದಲ್ಲಿ ಆ ಬಗ್ಗೆ ಒಂದು ಸಾಲೂ ಇರಲಿಲ್ಲ. ನಾನು ಏನು ತೀರ್ಮಾನ ಕೊಟ್ಟರೂ ಒಬ್ಬರಿಗೆ ಅನ್ಯಾಯವಾಗುತ್ತಿತ್ತು.

ಜನರೇಟರ್ ಇದೆಯೆಂದು ಸಮಾಧಾನಪಟ್ಟುಕೊಳ್ಳಬೇಡಿ. ಜನರೇಟರ್ ಹತ್ತುವವರೆಗಿನ ಅಂತರವನ್ನು ತುಂಬುವ ಆನ್‌ಲೈನ್ ಯುಪಿಎಸ್ ಪ್ರತಿ ಮೇಜಿಗೂ ಬೇಕು. ಇಂದಿನ ದೊಡ್ಡ ಯಂತ್ರವೊಂದು ಪೂರ್ಣ ವೇಗದಲ್ಲಿ ಯೋಚಿಸುವಾಗ 600ರಿಂದ 800 ವಾಟ್ ಎಳೆಯಬಹುದು. ಹತ್ತು ಯಂತ್ರಗಳೆಂದರೆ ಏಳೆಂಟು ಕಿಲೋವಾಟ್, ಅದೂ ನಾಲ್ಕೈದು ಗಂಟೆ ಬಿಡದೆ. ಎಳೆದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿ ಕೋಣೆಯಲ್ಲೇ ಸೇರುತ್ತದೆ. ಒಂದು ಟನ್ ಎಸಿ ತೆಗೆದುಹಾಕುವುದು ಸುಮಾರು ಮೂರೂವರೆ ಕಿಲೋವಾಟ್ ಶಾಖವನ್ನಾದ್ದರಿಂದ, ಜನರ ಲೆಕ್ಕ ಬಿಟ್ಟು ಯಂತ್ರಗಳಿಗೇ ಎರಡು ಟನ್ನಿಗಿಂತ ಹೆಚ್ಚು ಬೇಕಾಯಿತು. ಫ್ಯಾನುಗಳ ಸದ್ದೂ ಕಡಿಮೆಯಿರುವುದಿಲ್ಲ. ಹಾಗಾಗಿ ಪ್ರೇಕ್ಷಕರನ್ನು ಬೇರೆ ಕೋಣೆಯಲ್ಲಿ ಕೂರಿಸಿ, ದೊಡ್ಡ ಪರದೆಯ ಮೇಲೆ ನಡೆಗಳನ್ನು ತೋರಿಸಿ, ಒಬ್ಬರು ಕನ್ನಡದಲ್ಲಿ ವಿವರಿಸುವಂತೆ ಮಾಡಿ. 1997ರಲ್ಲಿ ನ್ಯೂಯಾರ್ಕಿನಲ್ಲಿ ವಿಶ್ವ ಚಾಂಪಿಯನ್ ಕಾಸ್ಪರೋವ್ ಮತ್ತು ಐಬಿಎಂ ಕಂಪನಿಯ ಚೆಸ್ ಯಂತ್ರ ಡೀಪ್ ಬ್ಲೂ ಆಡಿದ್ದು ಗಗನಚುಂಬಿ ಕಟ್ಟಡವೊಂದರ ಮೇಲಿನ ಮಹಡಿಯ ಕೋಣೆಯಲ್ಲಿ; ಜನ ನೋಡಿದ್ದು ಅದೇ ಕಟ್ಟಡದ ಕೆಳಗಿನ ಸಭಾಂಗಣದಲ್ಲಿ.

ಮೇ ತಿಂಗಳು ಏಕೆ ಬೇಡವೆಂಬುದು ಇದರಿಂದಲೇ ಗೊತ್ತಾಗುತ್ತದೆ. ಹೊರಗೆ ಬಿಸಿಲು, ಸಂಜೆ ಗುಡುಗು ಸಿಡಿಲಿನ ಮಳೆ, ಗಾಳಿಗೆ ಉರುಳುವ ಮರಗಳು, ಕಡಿಯುವ ತಂತಿಗಳು. ಜನವರಿಯ ಕೊನೆಯ ವಾರದಿಂದ ಫೆಬ್ರವರಿಯ ಮೊದಲ ವಾರದವರೆಗಿನ ಅವಧಿಯನ್ನು ಆರಿಸಿ: ಸಂಕ್ರಾಂತಿ ಮುಗಿದಿರುತ್ತದೆ, ಮಳೆ ಇರುವುದಿಲ್ಲ, ಕೋಣೆ ತಂಪಾಗಿರುತ್ತದೆ. ಗಣರಾಜ್ಯೋತ್ಸವದ ದಿನ ಬಿಡಿ. ಶಿವರಾತ್ರಿಗೆ ಭೋಗನಂದೀಶ್ವರನ ಜಾತ್ರೆಯಿರುವುದರಿಂದ ಆ ವಾರವನ್ನೂ ಬಿಡಿ. ವಿಶ್ವವಿದ್ಯಾಲಯದ ಪರೀಕ್ಷಾ ವೇಳಾಪಟ್ಟಿ ಒಮ್ಮೊಮ್ಮೆ ಜಾರುವುದರಿಂದ, ಸಭಾಂಗಣವೂ ಹಾಸ್ಟೆಲ್ಲೂ ಖಾಲಿ ಇರುತ್ತವೆಂದು ಪ್ರಾಂಶುಪಾಲರಿಂದ ಬರಹದಲ್ಲಿ ಪಡೆದುಕೊಳ್ಳಿ.

ದಿನಗಳ ಲೆಕ್ಕ ಹೀಗಿದೆ. ಹತ್ತು ಪ್ರೋಗ್ರಾಂಗಳು ಪರಸ್ಪರ ಒಮ್ಮೊಮ್ಮೆ ಆಡಿದರೆ 9 ಸುತ್ತು, 45 ಆಟ. ತಲಾ 90 ನಿಮಿಷ ಹಾಗೂ ಪ್ರತಿ ನಡೆಗೆ 30 ಸೆಕೆಂಡ್ ಕೊಟ್ಟರೆ, ಎರಡೂ ಕಡೆಯವರು ತಲಾ ನೂರು ನಡೆ ನಡೆಸುವ ಆಟ 4 ಗಂಟೆ 40 ನಿಮಿಷ ಹಿಡಿಯುತ್ತದೆ. ಯಂತ್ರಗಳು ಬೇಸತ್ತು ಡ್ರಾ ಕೇಳುವುದಿಲ್ಲವಾದ್ದರಿಂದ ಅಷ್ಟು ಉದ್ದದ ಆಟಗಳು ಬಂದೇ ಬರುತ್ತವೆ. ಬೆಳಿಗ್ಗೆ 10ಕ್ಕೆ ಒಂದು, ಸಂಜೆ 4ಕ್ಕೆ ಇನ್ನೊಂದು ಸುತ್ತಿಟ್ಟರೆ ನಡುವೆ ಊಟಕ್ಕೆ ಒಂದು ಗಂಟೆಯಾದರೂ ಉಳಿಯುತ್ತದೆ. ದಿನಾ ಎರಡು ಸುತ್ತಿಟ್ಟು ಐದು ದಿನಕ್ಕೆ ಒಗ್ಗಿಸಿದರೆ ಯಂತ್ರಕ್ಕೆ ದಣಿವಿಲ್ಲ, ಆಪರೇಟರಿಗೆ ಇದೆ. ದಣಿದ ಕೈ ಆನೆಯನ್ನು ತಪ್ಪು ಮನೆಗೆ ಇಡುತ್ತದೆ. ಬಂದಿಳಿಯಲು ಒಂದು ದಿನ, ಯಂತ್ರಗಳನ್ನು ಜೋಡಿಸಿ ಪರೀಕ್ಷಿಸಲು ಒಂದು ದಿನ ಬಿಟ್ಟು, ಆಟಕ್ಕೆ ಆರು ದಿನ ಇಡಿ: ಮೊದಲ ದಿನ ಒಂದು ಸುತ್ತು, ಮುಂದಿನ ಎರಡು ದಿನ ಎರಡೆರಡು, ನಾಲ್ಕನೆಯ ದಿನ ಬೆಳಿಗ್ಗೆ ಮಾತ್ರ ಒಂದು, ಐದನೆಯ ದಿನ ಎರಡು, ಕೊನೆಯ ದಿನ ಒಂದು. ನಾಲ್ಕನೆಯ ದಿನದ ಮಧ್ಯಾಹ್ನ ಅತಿಥಿಗಳನ್ನು ಭೋಗನಂದೀಶ್ವರ ದೇವಾಲಯಕ್ಕೂ, ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿಗೂ ಕರೆದುಕೊಂಡು ಹೋಗಿ. ಉದ್ಘಾಟನೆಯ ಭಾಷಣಗಳನ್ನು ಯಂತ್ರಗಳ ಪರೀಕ್ಷೆಯ ದಿನದ ಸಂಜೆಗೇ ಮುಗಿಸಿಬಿಡಿ. ಅವು ಮೊದಲ ಸುತ್ತಿನ ಸಮಯವನ್ನು ತಿನ್ನದಿರಲಿ.

ಯಂತ್ರ ನಿಂತರೆ ಗಡಿಯಾರವನ್ನು ಎಷ್ಟು ಸಲ, ಎಷ್ಟು ನಿಮಿಷ ನಿಲ್ಲಿಸಬಹುದೆಂಬುದನ್ನು ಆಹ್ವಾನಪತ್ರದ ಜೊತೆಯಲ್ಲೇ ಬರೆದು ಕಳುಹಿಸಿ. ಆಹ್ವಾನ ಕನಿಷ್ಠ ಆರು ತಿಂಗಳು ಮೊದಲೇ ಹೋಗಲಿ, ವೀಸಾಕ್ಕೆ ಸಮಯ ಬೇಕು.

ಪ್ರಶ್ನೆ: ಯಂತ್ರಗಳನ್ನು ಅವರವರ ದೇಶದಲ್ಲೇ ಬಿಟ್ಟು, ಇಂಟರ್ನೆಟ್ ಮೂಲಕ ಆಡಿಸಿದರೆ ಊರು, ದಿನಾಂಕಗಳ ಚಿಂತೆಯೇ ಇರುವುದಿಲ್ಲವಲ್ಲ?
– ಓದುಗರೊಬ್ಬರು, ಕೋಲಾರ

ಉತ್ತರ: ಚಿಂತೆ ಕಡಿಮೆಯಾಗುತ್ತದೆ, ಹೋಗುವುದಿಲ್ಲ. 1974ರಲ್ಲಿ ಸ್ಟಾಕ್‌ಹೋಮಿನಲ್ಲಿ ನಡೆದ ಮೊದಲ ವಿಶ್ವ ಕಂಪ್ಯೂಟರ್ ಚೆಸ್ ಚಾಂಪಿಯನ್‌ಷಿಪ್ಪಿನಲ್ಲೇ, ಗೆದ್ದ ಸೋವಿಯತ್ ಪ್ರೋಗ್ರಾಂ ಕೈಸ್ಸಾದ ಯಂತ್ರ ಮಾಸ್ಕೋದಲ್ಲಿತ್ತು. ನಡೆಗಳು ದೂರವಾಣಿಯಲ್ಲಿ ಬರುತ್ತಿದ್ದವು. ಯಂತ್ರವನ್ನು ಹೊತ್ತೊಯ್ಯುವುದರಲ್ಲೂ ಕಷ್ಟವಿದೆ: 1980ರ ಚಾಂಪಿಯನ್ ಬೆಲ್ ಯಂತ್ರವನ್ನು ಅದರ ನಿರ್ಮಾತೃಗಳಲ್ಲೊಬ್ಬರಾದ ಕೆನ್ ಥಾಂಪ್ಸನ್ 1982ರಲ್ಲಿ ಮಾಸ್ಕೋಗೆ ಒಯ್ಯಲು ಹೊರಟಾಗ, ನ್ಯೂಯಾರ್ಕಿನ ವಿಮಾನ ನಿಲ್ದಾಣದಲ್ಲಿ ಅಮೆರಿಕದ ಅಧಿಕಾರಿಗಳೇ ಅದನ್ನು ಜಪ್ತಿ ಮಾಡಿದ್ದರು. ನಮ್ಮಲ್ಲಿಗೆ ಬರುವವರು ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ತರಬಹುದು. ದೊಡ್ಡ ಯಂತ್ರ ತರುವವರು ಕಸ್ಟಮ್ಸ್ ವಿಷಯವನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು.

ಆದ್ದರಿಂದ ಯಂತ್ರ ಎಲ್ಲಿ ಬೇಕಾದರೂ ಇರಲಿ, ಆಪರೇಟರ್ ಮಾತ್ರ ಹಲಗೆಯ ಮುಂದೆ ಕೂರಲಿ ಎಂಬುದು ನನ್ನ ಅಭಿಪ್ರಾಯ. ನಮ್ಮ ಹುಡುಗರು ಪ್ರೋಗ್ರಾಂ ಬರೆದವರನ್ನು ಕಣ್ಣಾರೆ ಕಂಡು, ಈ ನಡೆಯನ್ನು ನಿಮ್ಮ ಯಂತ್ರ ಏಕೆ ಆರಿಸಿತೆಂದು ಎದುರಿಗೇ ಕೇಳಬೇಕು. ಅದಕ್ಕಾಗಿಯೇ ಅಲ್ಲವೇ ಇಷ್ಟೆಲ್ಲ ಶ್ರಮ? ಹೀಗೆ ಮಾಡುವಾಗ ಎರಡು ಬೇರೆ ಬೇರೆ ಕಂಪನಿಗಳ ಫೈಬರ್ ಸಂಪರ್ಕಗಳಿರಲಿ. ಚಳಿಗಾಲದಲ್ಲಿ ನಮ್ಮ ಸಂಜೆ 4 ಗಂಟೆಯೆಂದರೆ ಜರ್ಮನಿಯಲ್ಲಿ ಬೆಳಿಗ್ಗೆ ಹನ್ನೊಂದೂವರೆ, ನ್ಯೂಯಾರ್ಕಿನಲ್ಲಿ ಮುಂಜಾನೆ ಐದೂವರೆ. ನಮ್ಮ ಬೆಳಿಗ್ಗೆ 10ಕ್ಕೆ ಜರ್ಮನಿಯಲ್ಲಿ ಇನ್ನೂ ಐದೂವರೆ, ನ್ಯೂಯಾರ್ಕಿನಲ್ಲಿ ಹಿಂದಿನ ರಾತ್ರಿ ಹನ್ನೊಂದೂವರೆ. ಅಲ್ಲಿ ಯಂತ್ರ ಕೆಟ್ಟು ನಿಂತರೆ ಎದ್ದು ಸರಿಪಡಿಸುವವರು ಬೇಕಾದ್ದರಿಂದ, ಪ್ರತಿ ತಂಡವೂ ಅಂಥ ಒಬ್ಬರ ಹೆಸರನ್ನೂ ದೂರವಾಣಿ ಸಂಖ್ಯೆಯನ್ನೂ ತೀರ್ಪುಗಾರರಿಗೆ ಮೊದಲ ಸುತ್ತಿಗೆ ಮುಂಚೆಯೇ ಕೊಟ್ಟಿರಬೇಕು.