ಗುತ್ತಿಗೆ ನೆಲ, 25 ವರ್ಷದ ಋಣ

ಚಳ್ಳಕೆರೆಯ ಓದುಗರೊಬ್ಬರ ಪತ್ರ: “ಪಶ್ಚಿಮ ಆಸ್ಟ್ರೇಲಿಯದಲ್ಲಿ ಕುರಿ ಮೇಯಿಸುವ ಗುತ್ತಿಗೆ ಭೂಮಿಯಲ್ಲಿ ಇಂಗಾಲ ಬೇಸಾಯಕ್ಕೆ ಕೇಂದ್ರ ನೋಂದಣಿ ಕೊಟ್ಟರೂ ರಾಜ್ಯದ ಒಪ್ಪಿಗೆಗೆ ವರ್ಷಗಟ್ಟಲೆ ಕಾಯಬೇಕಂತೆ. ತಾನಾಗಿ ಬೆಳೆಯುವ ಗಿಡಕ್ಕೆ ಇಷ್ಟು ಕಾಗದ ಯಾಕೆ? ನಮ್ಮ ಕಾವಲುಗಳಲ್ಲೂ ಇದನ್ನೇ ಮಾಡಬಾರದೇ?”

ಮಾನ್ಯರೇ,

ಗಿಡ ಬೆಳೆಯಲು ಕಾಗದ ಬೇಡ, ನೆಲದ ಮೇಲೆ ಋಣ ಕೂರಿಸಲು ಬೇಕು. ಅಲ್ಲಿ ಗಿಡಮರಗಳಲ್ಲಿ ಹಿಡಿದಿಟ್ಟ ಒಂದು ಟನ್ ಇಂಗಾಲದ ಡೈಆಕ್ಸೈಡಿಗೆ ಒಂದು ಕ್ರೆಡಿಟ್, ಅಂದರೆ ಮಾರಬಹುದಾದ ಪತ್ರ. ಪಡೆದವರು 25 ಇಲ್ಲವೇ 100 ವರ್ಷ ಆ ಇಂಗಾಲವನ್ನು ಕಾಯಬೇಕು. 25 ವರ್ಷವೆಂದರೆ ಕ್ರೆಡಿಟ್‌ನಲ್ಲಿ 20% ಕಡಿತ, ಇಂಗಾಲ ಮತ್ತೆ ಗಾಳಿಗೆ ಸೇರುವ ಅಪಾಯದ ಬಾಬ್ತು ಇನ್ನೂ 5%. 10,000 ಟನ್ ಹಿಡಿದಿಟ್ಟರೆ ಕೈಗೆ ಬರುವುದು ಸುಮಾರು 7,500. ಮಾತು ತಪ್ಪಿದರೆ ನಿಯಂತ್ರಕರು ನೆಲದ ಮೇಲೆಯೇ ಬಾಧ್ಯತೆ ಹೇರಬಹುದು. ನಮ್ಮ ಪಹಣಿಯ 11ನೇ ಕಾಲಂನಲ್ಲಿ ಸಾಲ ಕೂತ ಹಾಗೆ, ಮುಂದೆ ಬರುವವನಿಗೂ ಅದು ಅಂಟುತ್ತದೆ. ನೆಲವೋ ಸರ್ಕಾರದ್ದು. 1997ರ ಭೂ ಆಡಳಿತ ಕಾಯ್ದೆಯಡಿ ಅದನ್ನು ಕೊಟ್ಟಿರುವುದು ಮೇಯಿಸಲು. ಹಾಗಾಗಿ ಭೂ ಸಚಿವರ ಸಹಿ ಬೇಕು. ಅಡಮಾನವಿದ್ದರೆ ಬ್ಯಾಂಕಿನದು, ಮೂಲನಿವಾಸಿಗಳ ಹಕ್ಕು ತೀರ್ಮಾನವಾಗಿದ್ದರೆ ಅವರ ಸಂಸ್ಥೆಯದು. ಅದೇ ನೆಲದಡಿ ಗಣಿ ಹಕ್ಕುಗಳೂ ಇರುತ್ತವೆ.

ತೊಡಕು ಹುಟ್ಟಿದ್ದು ‘ಷರತ್ತುಬದ್ಧ ನೋಂದಣಿ’ಯಿಂದ. ಮೊದಲು ನೋಂದಣಿ, ಒಪ್ಪಿಗೆ ಆಮೇಲೆ ತಂದರಾಯಿತು ಎಂಬ ಸವಲತ್ತು ಅದು. ಒಪ್ಪಿಗೆಯಿಲ್ಲದೆ ಮೊದಲ ಕ್ರೆಡಿಟ್ ಸಿಗುವುದಿಲ್ಲ. ಆದರೆ ಖರ್ಚು ಕಾಯುವುದಿಲ್ಲ. ಈ ಕ್ರೆಡಿಟ್ ವ್ಯವಸ್ಥೆಯನ್ನು ಪರಿಶೀಲಿಸಿದ ಇಯಾನ್ ಚಬ್ ನೇತೃತ್ವದ ಸಮಿತಿ 2022ರ ಕೊನೆಗೆ, ಮೂಲನಿವಾಸಿಗಳ ಒಪ್ಪಿಗೆ ನೋಂದಣಿಗೆ ಮೊದಲೇ ಬರಲಿ ಎಂದಿತು. ಅದೇ ಸರಿ ಎಂದು ನಮ್ಮ ಅಭಿಪ್ರಾಯ. ಸಮುದಾಯದ ಸಭೆ ಸೇರುವುದಕ್ಕೇ ತಿಂಗಳುಗಳು ಹಿಡಿಯುತ್ತವೆ. ಕೊನೆಗೆ ಹೋಗಿ ಕೇಳಿದರೆ ಉಳಿದ ಕಡತವೆಲ್ಲ ಅಲ್ಲೇ ಕೂರುತ್ತದೆ. ಬ್ಯಾಂಕು, ಸಮುದಾಯ, ಸಚಿವಾಲಯ ಮೂರರ ಬಾಗಿಲನ್ನೂ ಒಟ್ಟಿಗೇ ತಟ್ಟಬೇಕು.

ತಡದ ನಿಜವಾದ ಪೆಟ್ಟು ನೀರಿನ ತೊಟ್ಟಿಯ ಹತ್ತಿರ ಕಾಣುತ್ತದೆ. ಪಶ್ಚಿಮ ಆಸ್ಟ್ರೇಲಿಯದ ಮರ್ಚಿಸನ್ ಸೀಮೆಯಲ್ಲಿ ಮಳೆ ವರ್ಷಕ್ಕೆ 200–250 ಮಿ.ಮೀ. ನಮ್ಮ ಜಾಲಿಯ ಬಳಗದ ಮಲ್ಗಾ ಅಲ್ಲಿ ಒಳ್ಳೆ ಮಳೆಯ ವರ್ಷ ಮಾತ್ರ ಧಾರಾಳವಾಗಿ ಮೊಳೆಯುತ್ತದೆ. ಆ ವರ್ಷ ಕುರಿ-ಮೇಕೆ ನೀರು ಕುಡಿಯುವ ಬೋರ್ ಮುಚ್ಚಿ, ಉಳಿದ ತೊಟ್ಟಿಗಳಿಗೆ ಒಳಗೆ ಬರಬಹುದು ಹೊರಗೆ ಹೋಗಲಾಗದು ಎಂಬಂಥ ಗೇಟು ಕಟ್ಟಿ ಕಾಡುಬಿದ್ದ ಮೇಕೆಗಳನ್ನು ಹಿಡಿಯದಿದ್ದರೆ, ಸಸಿ ಗೇಣುದ್ದವಿರುವಾಗಲೇ ಬೋಳು. ಒಪ್ಪಿಗೆ ಕೈಗೆ ಬರದೆ ಬೋರ್ ಮುಚ್ಚಲು ಯಾರಿಗೆ ಧೈರ್ಯ? ಕುರಿ ಕಡಿಮೆಯಾದರೆ ‘ಮೇಯಿಸುವ’ ಷರತ್ತಿಗೇ ಧಕ್ಕೆ ಎಂಬ ಅಳುಕು ಬೇರೆ. ಅಂದಹಾಗೆ, ಹೀಗೆ ಮೇಯುವ ಕಾಟ ತಗ್ಗಿಸಿ ಗಿಡ ತಾನಾಗಿ ಬೆಳೆಯಲು ಬಿಡುವ ‘ಮರುಹುಟ್ಟು’ ವಿಧಾನದ ಅವಧಿ 2023ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಹಳೆಯ ಯೋಜನೆಗಳಷ್ಟೇ ನಡೆಯುತ್ತಿವೆ.

ಇನ್ನು ಅಮೃತಮಹಲ್ ಕಾವಲು. ಆಸ್ಟ್ರೇಲಿಯದಲ್ಲಿ ಲೆಕ್ಕಕ್ಕೆ ಸಿಗುವುದು ‘ಕಾಡು’: 2 ಮೀಟರ್ ಎತ್ತರ, 20% ನೆರಳು ಮುಟ್ಟಬಲ್ಲ ಮರ. ನಿಮ್ಮೂರ ಕಾವಲು ಹುಲ್ಲಿನದು, ಕೃಷ್ಣಮೃಗದ್ದು. ಅದರ ಇಂಗಾಲ ಬಹುಪಾಲು ಮಣ್ಣಿನಡಿ ಬೇರಿನಲ್ಲಿದೆ. ಅಲ್ಲಿ ಮರ ಎಬ್ಬಿಸಬೇಡಿ; ನುಗ್ಗಿರುವ ಬಳ್ಳಾರಿ ಜಾಲಿಯನ್ನು ಬುಡಸಮೇತ ಕೀಳಿಸಿ. ಬೊಡ್ಡೆ ಉಳಿದರೆ ಮುಂದಿನ ಮಳೆಗೆ ಮತ್ತೆ ಚಿಗುರುತ್ತದೆ.

— ಸಂ.