2010ರ ಪ್ರಿಯಸ್ ಕಡಿಮೆ ರೇಟಿಗೆ ಸಿಗ್ತಿದೆ, ಚಿಕ್ಕಮಗಳೂರು ಕಡೆಗೆ ತಗೋಬಹುದಾ? ಹೈಬ್ರಿಡ್‌ಗೆ ಮುಂದೆ ಕಾಲ ಇದೆಯಾ?

ನಿಮ್ಮ ಪ್ರಶ್ನೆ ಓದಿ ಮೊದಲು ನಗು ಬಂತು, ಆಮೇಲೆ ಹೊಟ್ಟೆ ಉರೀತು. ಪ್ರಿಯಸ್ ಅಂದ್ರೆ ಟೊಯೊಟಾದ ಹೈಬ್ರಿಡ್ ಕಾರು, ಪೆಟ್ರೋಲ್ ಇಂಜಿನ್ನು, ಬ್ಯಾಟರಿ ಮೋಟಾರು ಎರಡೂ ಇರೋದು. ನನ್ನದೂ ಇದೇ ಮಾಡೆಲ್ಲು, ಇದೇ ಆಸೆ. ಸೆಕೆಂಡ್ ಹ್ಯಾಂಡ್ ತಗೊಂಡು ಮೂಡಿಗೆರೆ ಹತ್ತಿರದ ತೋಟಕ್ಕೆ ತಂದವನು ನಾನು.

ಮೊದಲ ವರ್ಷ ರಾಜಭೋಗ. ಚಿಕ್ಕಮಗಳೂರಿನ ಐ.ಜಿ. ರಸ್ತೆ ಟ್ರಾಫಿಕ್ಕಲ್ಲಿ ಇಂಜಿನ್ ಆಫ್ ಆಗಿ ಕಾರು ಬೆಕ್ಕಿನ ಹಾಗೆ ಸದ್ದಿಲ್ಲದೆ ಹೋಗೋದು. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವಾಗ ಬ್ರೇಕ್ ಒತ್ತಿದಷ್ಟೂ ಬ್ಯಾಟರಿ ತುಂಬೋದು. ಬ್ಯಾಟರಿ ಚಿಕ್ಕದು, ಸುಮಾರು 1.3 ಕಿಲೋವ್ಯಾಟ್ ಅವರ್ ಅಷ್ಟೆ. ಘಾಟಿ ಮುಗಿಯೋ ಮೊದಲೇ ಭರ್ತಿ. ಆಮೇಲೆ ಗೇರ್ ಲಿವರನ್ನ 'ಬಿ'ಗೆ ಹಾಕಿ ಇಂಜಿನ್ ಹಿಡಿತದಲ್ಲೇ ಇಳೀಬೇಕು.

ನಾನು ಮಾಡಿದ ತಪ್ಪು ಕೇಳಿ. ಹಿಂದಿನ ಸೀಟಿನ ಪಕ್ಕ, ಮೊಣಕೈ ಎತ್ತರದಲ್ಲಿ, ಒಂದು ಪ್ಲಾಸ್ಟಿಕ್ ಜಾಲರಿ ಇದೆ. ಸ್ಪೀಕರ್ ಇರಬೇಕು ಅಂದ್ಕೊಂಡೆ. ಅದು ಬ್ಯಾಟರಿಯ ಮೂಗು! ಸೀಟಿನ ಹಿಂದಿರೋ ಬ್ಯಾಟರಿಯನ್ನ ಒಂದು ಫ್ಯಾನು ಕಾರಿನೊಳಗಿನ ಗಾಳಿ ಎಳೆದು ತಣ್ಣಗಿಡುತ್ತೆ, ಎಳೆಯೋದು ಆ ಜಾಲರಿಯಿಂದಲೇ. ನಾನು ಹಿಂದಿನ ಸೀಟಲ್ಲಿ ಕಾಫಿ ಚೆರ್ರಿ ತುಂಬೋ ಗೋಣಿಚೀಲದ ಕಟ್ಟು ಒತ್ತರಿಸಿ ಇಡ್ತಿದ್ದೆ. ಅದರ ಮೇಲೆ ನಮ್ಮ ನಾಯಿ ಕರಿಯ. ಬೇಸಿಗೆಯಲ್ಲಿ ಹಿಂದುಗಡೆಯಿಂದ ಹೇರ್ ಡ್ರೈಯರ್ ಥರ ಸದ್ದು ಬರೋಕೆ ಶುರುವಾಯ್ತು. ಎಸಿ ಇರಬೇಕು ಅಂತ ಹಾಡು ಜೋರು ಮಾಡಿದೆ, ಸದ್ದು ಕೇಳದ ಹಾಗಾಯ್ತು. ನನ್ನ ಬುದ್ಧಿ ನೋಡಿ. ಒಂದು ದಿನ ಏರಲ್ಲೇ ಡ್ಯಾಶ್‌ಬೋರ್ಡಲ್ಲಿ ಎಚ್ಚರಿಕೆಯ ಕೆಂಪು ತ್ರಿಕೋನ ದೀಪ ಹತ್ತಿ ಕಾರು ಉಸಿರು ಬಿಟ್ಟಿತು.

ಬಿಚ್ಚಿದಾಗ ಫ್ಯಾನಿನ ರೆಕ್ಕೆಗೆ ನಾಯಿಕೂದಲು, ಕೆಮ್ಮಣ್ಣಿನ ಧೂಳು, ಗೋಣಿನಾರು ಸೇರಿ ಕಂಬಳಿ ನೇಯ್ದಂತೆ ಕೂತಿತ್ತು. ಬ್ಯಾಟರಿಯೊಳಗೆ ಮಾಡ್ಯೂಲ್ ಅನ್ನೋ ಚಿಕ್ಕ ಚಿಕ್ಕ ಬ್ಯಾಟರಿಗಳ ಸಾಲು ಇರುತ್ತೆ. 28 ಮಾಡ್ಯೂಲ್‌ಗಳಲ್ಲಿ ನಡುವಿನವು ಬೆಂದಿದ್ದವು. ನಡುವಿನವೇ ಹೆಚ್ಚು ಕಾಯೋದು. ಆ ವರ್ಷದ ಕಾಳುಮೆಣಸಿನ ದುಡ್ಡೆಲ್ಲ ಅದಕ್ಕೇ ಹೋಯ್ತು. ಹತ್ತು ನಿಮಿಷ ಬ್ರಷ್ ಹಿಡಿದು ಉಜ್ಜಿದ್ದರೆ ಉಳೀತಿತ್ತು.

ಇನ್ನು 'ಹೈಬ್ರಿಡ್‌ಗೆ ಕಾಲ ಇದೆಯಾ' ಅನ್ನೋದು. ಆ ಪ್ರಶ್ನೆಯೇ ನನಗೆ ಸರಿ ಅನ್ಸಲ್ಲ. 1997ರಲ್ಲಿ ಜಪಾನಿನಲ್ಲಿ ಪ್ರಿಯಸ್ ತಂದ ಉಪಾಯವೇ, ಅಂದ್ರೆ ಇಂಜಿನ್ನು, ಮೋಟಾರು ಎರಡನ್ನೂ ಹದವಾಗಿ ಬೆರೆಸಿ ಓಡಿಸೋದು, ಇವತ್ತು ಬಿಡದಿಯಲ್ಲಿ ತಯಾರಾಗೋ ಟೊಯೊಟಾ ಹೈರೈಡರ್, ಹೈಕ್ರಾಸ್ ಕಾರುಗಳ ಹೈಬ್ರಿಡ್ ಮಾಡೆಲ್ಲುಗಳ ಹೊಟ್ಟೆಯಲ್ಲಿ ಕೂತಿದೆ. ಹೆಸರು ಬದಲಾಗಿದೆ, ವಂಶ ನಡೀತಿದೆ. ಹೈಬ್ರಿಡ್ ಹೈರೈಡರ್‌ಗೆ ಲೀಟರಿಗೆ 27.97 ಕಿ.ಮೀ. ಅಂತ ಕಂಪನಿ ಬರೆಯುತ್ತೆ. ನಮ್ಮ ಏರುದಾರಿಯಲ್ಲಿ ಅಷ್ಟು ಕೇಳಬೇಡಿ. ಆದರೂ ಬ್ಯಾಟರಿಗೆ 8 ವರ್ಷ, 1.6 ಲಕ್ಷ ಕಿ.ಮೀ. ವಾರಂಟಿ ಇದೆಯಲ್ಲ, ನಾನಾಗಿದ್ದರೆ ಸಾಲ ಮಾಡಿಯಾದರೂ ಅದನ್ನೇ ತಗೊಳ್ತಿದ್ದೆ.

ಇಲ್ಲ, ಪ್ರಿಯಸ್ಸೇ ಬೇಕು ಅಂದ್ರೆ ನೋಡೋಕೆ ಹೋಗುವಾಗ ಟಾರ್ಚ್ ಒಯ್ಯಿರಿ. ಮೈಲೇಜ್ ಮಾತು ಆಮೇಲೆ, ಮೊದಲು ಆ ಜಾಲರಿಗೆ ಬೆಳಕು ಬಿಡಿ. ಒಂದೆಳೆ ನಾಯಿಕೂದಲು ಕಂಡರೂ ಕೀ ವಾಪಸ್ ಕೊಟ್ಟು ಬನ್ನಿ. ನಮ್ಮ ಕರಿಯ ಈಗ ಪಿಕಪ್ ಹಿಂದೆ ಕೂತ್ಕೊಂಡು ಬರ್ತಾನೆ.